ಅತ್ತೆಯ ಸಾವಿನ ಹಣ

ಯೆಕಾತಿತ್ ತಿಂಗಳು 5, ಗುರುವಾರ

ಜೆರಾಕ್ಸ್ ಯಂತ್ರ ಮತ್ತೆ ಕಾಗದ ನುಂಗಿತು. ಬಾಗಿಲು ತೆಗೆದು ಎಳೆಯುತ್ತಿದ್ದಾಗ ಫೋನ್. ಸರ್ಕಾರಿ ಆಸ್ಪತ್ರೆಯ ನರ್ಸ್.

"ಸೊಸ್ನಾ ಅವರಾ? ನಿಮ್ಮ ಸರದಿ ಬಂದಿದೆ."

ಹದಿನಾಲ್ಕು ತಿಂಗಳು ಕಾದ ಮಾತು. ಕೈತುಂಬ ಮಸಿ. ಬರೆದುಕೊಳ್ಳಲು ಒಂದು ಚೂರು ಕಾಗದ ಸಿಗಲಿಲ್ಲ — ಜೆರಾಕ್ಸ್ ಅಂಗಡಿಯಲ್ಲಿ! ಅಂಗೈ ಮೇಲೆ ಬರೆದುಕೊಂಡೆ.

ಮುಂದಿನ ಮುಟ್ಟಿನ ಎರಡನೆಯ ದಿನ ಇಂಜೆಕ್ಷನ್ ಶುರುವಾಗಬೇಕು. ಆಸ್ಪತ್ರೆಯ ಖರ್ಚು ಹೆಚ್ಚಿಲ್ಲ. ಔಷಧಿ ಮಾತ್ರ ಹೊರಗಿನಿಂದ ನಾವೇ ತರಬೇಕು. ತರದಿದ್ದರೆ ಸರದಿ ಮುಂದಿನವಳಿಗೆ, ನಾನು ಪಟ್ಟಿಯ ಕೊನೆಗೆ. ನನ್ನ ಎರಡೂ ಗರ್ಭನಾಳ ಮುಚ್ಚಿವೆ. ಮಗುವಾಗಲು ಬೇರೆ ದಾರಿ ಇಲ್ಲವೆಂದು ಡಾಕ್ಟರು ಹೋದ ವರ್ಷವೇ ಹೇಳಿದ್ದಾರೆ.

25ರ ಹೊತ್ತಿಗೆ ಮುಟ್ಟಾಗಬೇಕು. ನಾಲ್ಕು ವರ್ಷ ಪ್ರತಿ ತಿಂಗಳೂ ಅದು ಬಂದಾಗ ಅತ್ತಿದ್ದೇನೆ. ಈಗ ಬೇಗ ಬಂದರೂ ಭಯ, ತಡವಾದರೂ ಭಯ.

ಯೆಕಾತಿತ್ 8, ಭಾನುವಾರ

ನಾಳೆಯಿಂದ ಐವತ್ತೈದು ದಿನದ ಉಪವಾಸ. ಮಾಂಸ, ಹಾಲು, ಮೊಟ್ಟೆ ಯಾವುದೂ ಇಲ್ಲ. ಇವತ್ತು ಕೊನೆಯ ಕೋಳಿ ಸಾರು. ಅತ್ತೆ ಇಂಜೆರಾ ರೊಟ್ಟಿ ಹರಡುತ್ತಲೇ ಶುರು ಮಾಡಿದರು.

"ಈಸ್ಟರ್ ಕಳೀಲಿ ಕಣೇ. ಉಪವಾಸದಲ್ಲಿ ಯಾರಾದ್ರೂ ಮಕ್ಕಳ ಮಾತೆತ್ತುತಾರಾ? ಗಂಡ ಹೆಂಡ್ತಿ ಬೇರೆ ಬೇರೆ ಮಲಗೋ ಕಾಲ ಇದು."

"ಬೇರೆ ಬೇರೆನೇ ಮಲಗ್ತೀವಿ ಅತ್ತೆ. ಮಗು ಆಗೋದು ಆಸ್ಪತ್ರೇಲಿ, ಗಾಜಿನ ತಟ್ಟೇಲಿ."

ನನ್ನ ಗಂಡ ದಾಗ್ನೆಗೆ ನೆತ್ತಿ ಹತ್ತಿತು. ಅತ್ತೆ ಸೌಟು ಸಾರಿನಲ್ಲೇ ಬಿಟ್ಟರು.

"ತಟ್ಟೇಲಾ? ಹಾಗಾದ್ರೆ ಪಾಪ ಬರಲ್ವೇನೋ" ಎಂದರು. ಆಮೇಲೆ ನನ್ನ ತಲೆಗೆ ತೀರ್ಥ ಚಿಮುಕಿಸಿದರು. ಒರೆಸಿಕೊಂಡೆ. ಅವರೂ ನೋಡಿದರು. ಇದು ನಮ್ಮಿಬ್ಬರ ಹಳೆಯ ಜಗಳ.

ಯೆಕಾತಿತ್ 11

ದಾಗ್ನೆ ಔಷಧಿ ಅಂಗಡಿಯಿಂದ ಬಂದು ಶೂ ಬಿಚ್ಚದೆ ಕೂತ. ಮುಖ ನೋಡಿಯೇ ಗೊತ್ತಾಯಿತು. ಹೋದ ತಿಂಗಳ ಬೆಲೆ ಈಗಿಲ್ಲ. ಡಾಲರ್ ಏರಿದೆಯಂತೆ. ತೊಂಬತ್ತು ಸಾವಿರ ಬಿರ್. ನನ್ನ ಚಿನ್ನದ ಶಿಲುಬೆ ಮಾರಿದ್ದು, ಇವನು ವರ್ಷವೆಲ್ಲ ಗ್ಯಾರೇಜಿನಲ್ಲಿ ಓಟಿ ಮಾಡಿದ್ದು, ಎಲ್ಲ ಸೇರಿ ಅರವತ್ತನಾಲ್ಕು ಸಾವಿರ.

"ವೆಲ್ಡಿಂಗ್ ಮಷೀನ್ ಮಾರ್ಲಾ?"

"ಮಾರಿಬಿಟ್ಟು ಮಗೂಗೆ ಏನು ತಿನ್ನಿಸ್ತೀಯ, ಕಬ್ಬಿಣವಾ?"

ಬಗ್ಗಿ ಶೂ ಬಿಚ್ಚತೊಡಗಿದ. ಹಾಗೆನ್ನಬಾರದಿತ್ತು.

ಒಂದು ದಾರಿ ಇದೆ. ಕೇರಿಯ ಇದ್ದಿರ್. ತಿಂಗಳು ತಿಂಗಳು ಮನೆಮನೆಯಿಂದ ಹಣ ಕಟ್ಟಿಸಿಕೊಂಡು, ಸಾವಾದ ಮನೆಗೆ ಮಾತ್ರ ಹಣ, ಡೇರೆ, ಬೆಂಚು, ಹೆಣ ಹೊರುವ ಜನ ಕೊಡುವ ಸಂಘ. ಎರಡು ವರ್ಷದ ಹಿಂದೆ ಅದರ ವಿರುದ್ಧ ಕರಪತ್ರ ಬರೆದು ಎಲ್ಲರ ಬಾಗಿಲಡಿ ತೂರಿಸಿದ್ದವಳು ನಾನೇ: 'ಸತ್ತವರಿಗೆ ಡೇರೆ, ಬದುಕಿದವರಿಗೆ ಬಯಲು.' ನಾನೂ ದಾಗ್ನೆಯೂ ಸೇರಲಿಲ್ಲ. ಅತ್ತೆ ಮೂವತ್ತೊಂದು ವರ್ಷದಿಂದ ಸದಸ್ಯೆ.

ಕರಪತ್ರದ ಒಂದು ಅಕ್ಷರವನ್ನೂ ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. ಆ ವಾದವನ್ನೇ ಮುಂದಿಡುತ್ತೇನೆ. ಸಾವಿಗೆ ಕೊಡುವವರು ಹುಟ್ಟಿಗೂ ಕೊಡಲಿ! ಇದು ಭಿಕ್ಷೆಯಲ್ಲ, ತತ್ವ. ಮುಂದೆ ಬರುವ ಹೆಂಗಸರಿಗೂ ದಾರಿಯಾಗುತ್ತದೆ.

ಯೆಕಾತಿತ್ 14, ಸಂಜೆ

ಭಾಷಣ ನಾಲ್ಕು ಪುಟ. ದಾಗ್ನೆಗೆ ಓದಿ ಹೇಳಿದೆ. "ಚೆನ್ನಾಗಿದೆ. 'ಶೋಷಣೆ' ಅನ್ನೋದು ಒಂಬತ್ತು ಸಲ ಬಂತು" ಎಂದ. ಐದಕ್ಕೆ ಇಳಿಸಿದೆ. ಕಿಬ್ಬೊಟ್ಟೆಯಲ್ಲಿ ಮುಟ್ಟಿನ ನೋವಿನ ಹಾಗೆ ಹಿಂಡುತ್ತಿದೆ. ಈಗಲೇ ಬೇಡ, ದೇವರೇ — ಇನ್ನೂ ಹನ್ನೊಂದು ದಿನವಿದೆ. (ದೇವರೇ ಎಂದು ಬರೆದೆನಲ್ಲ. ಇರಲಿ.)

ಯೆಕಾತಿತ್ 15, ಭಾನುವಾರ

ಇದ್ದಿರ್ ಸಭೆಯಲ್ಲಿ ಎರಡು ಪುಟವೂ ಮುಗಿಯಲಿಲ್ಲ. ಅಧ್ಯಕ್ಷರು, ಮೂಲೆಯ ದಿನಸಿ ಅಂಗಡಿಯ, ಕಿರಿಯರೆಲ್ಲ ಗೌರವದಿಂದ ಗಾಶೆ ಎನ್ನುವ ಮಂಡೆಫ್ರೊ, ಕೋಟಿನ ಒಳಜೇಬಿನಿಂದ ಮಡಿಸಿದ ಕಾಗದ ತೆಗೆದರು. ನನ್ನ ಕರಪತ್ರ. ಎರಡು ವರ್ಷ ಇಟ್ಟುಕೊಂಡಿದ್ದಾರೆ!

"ಇದು ನೀನು ಬರ್ದಿದ್ದಾ, ತಾಯಿ?"

"ಹೌದು, ಗಾಶೆ."

"'ಹೆಣದ ಮೇಲೆ ಹಣ ಸುರಿಯುವ ಮುದುಕರು.' ಮುದುಕರು ಅಂದ್ರೆ ಯಾರು? ನಾನಾ?"

ಬೆಂಚುಗಳ ತುಂಬ ನಗು. ಹಿಂದಿನಿಂದ ಯಾರೋ, "ಇವತ್ತು ಹುಟ್ಟಿಗೆ ಕೊಡಿ, ನಾಳೆ ಹಲ್ಲುನೋವಿಗೂ ಕೇಳ್ತಾರೆ" ಎಂದರು. ಮತ್ತೆ ನಗು. ಮಂಡೆಫ್ರೊ ನಗಲಿಲ್ಲ.

"ನೋಡು ಮಗಳೇ, ಇಲ್ಲಿ ಕೂತಿರೋರಲ್ಲಿ ಸಾಯದೆ ಇರೋರು ಯಾರಿದಾರೆ? ಒಬ್ರೂ ಇಲ್ಲ. ಅದಕ್ಕೇ ಎಲ್ರೂ ಸಾವಿಗೆ ಕಟ್ತೀವಿ. ಹುಟ್ಟು ಎಲ್ರ ಮನೆಗೂ ಬರಲ್ಲ."

ಭಾಷಣದ ಪುಟ ತಿರುವಿ ಮುಂದಿನ ಸಾಲು ಹುಡುಕಿದೆ.

ಆಗ ಹೆಂಗಸರ ಸಾಲಿನಿಂದ ಅತ್ತೆ ಎದ್ದರು.

"ಮಂಡೆಫ್ರೊ, ನಾನು ಸತ್ರೆ ಎಷ್ಟು ಕೊಡ್ತೀಯ?"

"ಇಪ್ಪತ್ನಾಲ್ಕು ಸಾವಿರ, ಯೆಶಾರೆಗ್ ಅಕ್ಕ. ಯಾಕೆ ಈಗ ಆ ಮಾತು?"

"ಈಗ್ಲೇ ಕೊಡು. ಹೆಸರು ಹೊಡೆದು ಹಾಕು. ಸತ್ಲು ಅಂತ ಬರ್ಕೋ."

"ಬದುಕಿರೋರಿಗೆ ಹೆಂಗೆ ಕೊಡೋದು?"

"ಯಾಕೆ, ನಾನು ಸಾಯಲ್ಲ ಅಂತ ಅನುಮಾನವಾ ನಿಂಗೆ?"

ಈ ಸಲ ಯಾರೂ ನಗಲಿಲ್ಲ. ಹಿರಿಯರು ಗೋಡೆ ಬದಿಗೆ ಹೋಗಿ ಪಿಸುಗುಟ್ಟಿದರು. ಕೊಡುತ್ತಾರಂತೆ. ಆದರೆ ಹೆಸರು ಹೋಗುತ್ತದೆ. ಡೇರೆ ಇಲ್ಲ, ಬೆಂಚಿಲ್ಲ, ಗುಂಡಿ ತೋಡುವವರಿಲ್ಲ, ಹೊರುವವರಿಲ್ಲ. ಅತ್ತೆ ಹೆಬ್ಬೆಟ್ಟು ಒತ್ತಿದರು. ನಾನು ನೋಡುತ್ತ ನಿಂತೆ. ಭಾಷಣ ಇನ್ನೂ ಕೈಯಲ್ಲೇ ಇತ್ತು.

ಯೆಕಾತಿತ್ 16

ಬಿಳಿ ಶಾಲಿನಲ್ಲಿ ಸುತ್ತಿದ ಹಣ ಮಂಚದ ಮೇಲೆ. ಮುಟ್ಟುವುದಿಲ್ಲ ಎಂದೆ.

"ನಿಮ್ಮನ್ನ ಯಾರು ಹೊರ್ತಾರೆ, ಅತ್ತೆ?"

"ತಲೆ ಕಡೆ ದಾಗ್ನೆ, ಕಾಲ್ಕಡೆ ನೀನು. ನಾನೇನು ಭಾರ ಇಲ್ಲ."

"ಇಬ್ಬರೇನಾ?"

"ಅದಕ್ಕೇ ಮೂರನೇದು ಬೇಕು ಅಂತಿರೋದು!"

ಕೂಗಾಡಿದೆ. ಒಬ್ಬ ಮುದುಕಿಯನ್ನು ಮಣ್ಣು ಮಾಡುವ ಹಣದಲ್ಲಿ ನನ್ನ ಮಗು ಹುಟ್ಟಬಾರದು ಎಂದೆ. ಅವರು ನೂಲುವ ಕದಿರು ಕೆಳಗಿಟ್ಟರು.

"ಸತ್ತೋರಿಗೆ ಡೇರೆ ಯಾಕೆ ಅಂತ ನೀನೇ ಬರ್ದಿದ್ದೆ. ನಾನು ಅದನ್ನ ಪಕ್ಕದ್ಮನೆ ಹುಡುಗಿ ಹತ್ರ ಓದಿಸಿ ಕೇಳಿದೀನಿ. ಈಗ ನಾನೂ ಬೇಡ ಅಂದ್ರೆ ನಿಂಗ್ಯಾಕೆ ಉರಿ?"

ಸತ್ತವರು ಎಂದು ಬರೆದಾಗ ಯಾರ ಮುಖವೂ ಕಣ್ಣೆದುರು ಇರಲಿಲ್ಲ.

ಯೆಕಾತಿತ್ 21, ಶನಿವಾರ

ನಾಲ್ಕು ದಿನ ಬರೆಯಲಿಲ್ಲ. ಹಣ ಮಂಚದ ಮೇಲೇ ಇತ್ತು.

ಇಂದು ಬೆಳಗ್ಗೆ ಬೀದಿಯಲ್ಲಿ ಸಾವು ಸಾರುವ ಇದ್ದಿರ್‌ನ ಕಹಳೆ. ಎದುರು ಸಾಲಿನ ಬೆಕೆಲೆಚ್ ಅಜ್ಜಿ ಹೋದರು. ಅತ್ತೆಯೊಂದಿಗೆ ಇಪ್ಪತ್ತು ವರ್ಷ ದಿನವೂ ಕಾಫಿ ಕುಡಿದವರು. ಅತ್ತೆ ಶಾಲು ಹೊದ್ದು ಗೇಟಿನ ತನಕ ಹೋದರು. ಅಗುಳಿ ಹಿಡಿದು ನಿಂತರು. ವಾಪಸ್ ಬಂದು ಕೂತರು.

ಡೇರೆಯಲ್ಲಿ ಸದಸ್ಯರ ಹಾಜರಿ ಕರೆಯುವುದು ಇಲ್ಲಿಗೇ ಕೇಳಿಸುತ್ತದೆ. ನಮ್ಮ ಸಾಲಿನ ಮನೆಗಳ ಸರದಿ ಬಂತು. ಈಚೆ ಮನೆಯವರ ಹೆಸರು. ಆಮೇಲೆ ಆಚೆ ಮನೆಯವರದು. ನಡುವೆ ಒಂದು ಕ್ಷಣ ಮಂಡೆಫ್ರೊ ತಡೆದಂತೆ ಅನಿಸಿತು — ನನ್ನ ಭ್ರಮೆಯೋ ಏನೋ.

"ಸಾವಿನ ಅಡುಗೆಗೆ ಈರುಳ್ಳಿ ಹೆಚ್ಚೋಕೆ ನಾನಿಲ್ದೆ ಹೆಂಗೋ ಏನೋ. ದಪ್ಪ ದಪ್ಪ ಹೆಚ್ತಾರೆ ಅವರು" ಎಂದರು ಅತ್ತೆ. ಅಷ್ಟೇ. ಮಧ್ಯಾಹ್ನ ಹೋಗಿ ಡೇರೆಯ ಹೊರಗೆ, ಕಲ್ಲಿನ ಮೇಲೆ ಕೂತು ಬಂದರು. ಒಳಗೆ ಬರಬೇಡಿ ಎಂದು ಯಾರೂ ಹೇಳಿರಲಿಲ್ಲ.

ಯೆಕಾತಿತ್ 22, ಭಾನುವಾರ

ಮಂಡೆಫ್ರೊ ಅಂಗಡಿಗೆ ಹೋದೆ. ಇಬ್ಬರು ಗಿರಾಕಿಗಳು ಹೋಗುವವರೆಗೆ ಬೆಂಕಿಪೊಟ್ಟಣ ನೋಡುತ್ತ ನಿಂತೆ.

"ಗಾಶೆ, ನಾನು ಇದ್ದಿರ್ ಸೇರ್ಬೇಕು. ಸದಸ್ಯರ ಅಪ್ಪ-ಅಮ್ಮ, ಅತ್ತೆ-ಮಾವನ ಸಾವಿಗೂ ಕೊಡ್ತೀರಲ್ವಾ?"

ಕನ್ನಡಕ ಏರಿಸಿಕೊಂಡು ನೋಡಿದರು. "ಕೊಡ್ತೀವಿ. ಓಹೋ... ಕರಪತ್ರದವಳು ಬಂದ್ಳಪ್ಪಾ."

"ಕರಪತ್ರದಲ್ಲಿ ಅರ್ಧ ಈಗ್ಲೂ ಸರಿ."

"ಯಾವರ್ಧ?"

"ಅದನ್ನ ಸಭೇಲಿ ಹೇಳ್ತೀನಿ. ಇನ್ಮೇಲೆ ನನಗೂ ಮಾತಾಡೋ ಹಕ್ಕಿದೆ."

ಪಕ್ಕನೆ ನಕ್ಕರು. ಹೊಸ ಸದಸ್ಯರಿಗೆ ಆರು ತಿಂಗಳು ಏನೂ ಸಿಗುವುದಿಲ್ಲವಂತೆ. "ಅಲ್ಲೀವರೆಗೆ ನಿಮ್ಮತ್ತೆ ಸಾಯ್ಬಾರ್ದು."

"ಹೇಳ್ತೀನಿ ಅವರಿಗೆ."

ಪ್ರವೇಶದ ಹಣ ಕಂತಿನಲ್ಲಿ. ಜೊತೆಗೆ ನಿಯಮದ ಪುಸ್ತಕ ಹರಿದುಹೋಗಿದೆ, ಇನ್ನೂರು ಪ್ರತಿ ತೆಗೆದುಕೊಡಬೇಕು. ನಮ್ಮ ಜೆರಾಕ್ಸ್ ಅಂಗಡಿಯ ಮಾಲೀಕನಿಗೆ ಏನು ಹೇಳಲಿ?

ಮನೆಗೆ ಬಂದು ಹೇಳಿದೆ. ಅತ್ತೆ ಬೆರಳು ಮಡಿಸಿ ಎಣಿಸಿದರು. "ಆರು ತಿಂಗಳಾ? ಆಗ್ಲಿ, ನೋಡೋಣ." ಆಮೇಲೆ ಶಾಲಿನ ಗಂಟು ತಾವೇ ಬಿಚ್ಚಿ ದಾಗ್ನೆಯ ಕೈಗೆ ಹಾಕಿದರು. ನಾನು ತಡೆಯಲಿಲ್ಲ. ಇನ್ನೂ ಕಮ್ಮಿ ಬಿದ್ದ ಎರಡು ಸಾವಿರವನ್ನು ಗ್ಯಾರೇಜಿನ ಮಾಲೀಕ ಈಗ ಕೊಟ್ಟು ಸಂಬಳದಲ್ಲಿ ಹಿಡಿದುಕೊಳ್ಳುತ್ತಾನಂತೆ.

ಯೆಕಾತಿತ್ 23

ಔಷಧಿ ಬಂತು. ತಣ್ಣಗಿರಬೇಕು. ನಮ್ಮಲ್ಲಿ ಫ್ರಿಜ್ ಇಲ್ಲ. ಮಂಡೆಫ್ರೊ ಅಂಗಡಿಯ ಫ್ರಿಜ್ಜಿನಲ್ಲಿ ಸೋಡಾ ಬಾಟಲಿಗಳ ಹಿಂದೆ ಇಟ್ಟಿದ್ದೇವೆ. ತೊಂಬತ್ತು ಸಾವಿರದ್ದು ಒಂದು ಚಪ್ಪಲಿ ಡಬ್ಬಿಯಷ್ಟೂ ಇಲ್ಲ. ಕರೆಂಟ್ ಹೋದರೆ? ಮೂರು ಸಲ ಹೋಗಿ ನೋಡಿ ಬಂದೆ. ಮೂರನೆಯ ಸಲ, "ಬಾಗಿಲು ತೆಗೆದು ತೆಗೆದು ನೀನೇ ಬಿಸಿ ಮಾಡ್ತೀಯ ಅದನ್ನ" ಎಂದು ಬೈದರು.

ಯೆಕಾತಿತ್ 25

ಮುಟ್ಟು ಬರಲಿಲ್ಲ.

ಯೆಕಾತಿತ್ 26

ಇಲ್ಲ. ನರ್ಸ್‌ಗೆ ಫೋನ್ ಮಾಡಿದೆ. ಚಿಂತೆ ಮಾಡಿದಷ್ಟೂ ತಡವಾಗುತ್ತದೆ ಎಂದಳು. ಚಿಂತೆ ಮಾಡದಿರುವುದು ಹೇಗೆಂದು ಹೇಳಲಿಲ್ಲ. ಈ ವಾರದ ಪಟ್ಟಿ ಶನಿವಾರಕ್ಕೆ ಮುಚ್ಚುತ್ತದಂತೆ.

ಯೆಕಾತಿತ್ 27, ಬೆಳಗ್ಗೆ

ಬಂತು! ಹಿತ್ತಲಿನಿಂದಲೇ ಕೂಗಿದೆ. ಪಕ್ಕದ ಮನೆಯವರಿಗೂ ಕೇಳಿಸಿರಬೇಕು. ಕೇಳಲಿ.

ಒಳಗೆ ಬಂದರೆ ಅತ್ತೆ ಒಲೆಯ ಮುಂದೆ. ತಟ್ಟೆಯಲ್ಲಿ ಎರಡು ಬೇಯಿಸಿದ ಮೊಟ್ಟೆ. ಉಪವಾಸದ ಮನೆಯಲ್ಲಿ! "ಡಾಕ್ಟ್ರು ತಿನ್ನು ಅಂದಿದಾರಲ್ಲ, ತಿನ್ನು. ಪಾತ್ರೆ ಬೇರೆ ಇಟ್ಟಿದೀನಿ" ಎಂದು ಗೋಡೆಯ ಕಡೆ ತಿರುಗಿದರು.

ಯೆಕಾತಿತ್ 28, ಶನಿವಾರ

ಮಧ್ಯಾಹ್ನ ಆಸ್ಪತ್ರೆಯಲ್ಲಿ ಸ್ಕ್ಯಾನ್. ಎಲ್ಲ ಸರಿ, ಇವತ್ತೇ ಶುರು ಮಾಡಿ ಎಂದರು. ಚುಚ್ಚುವುದನ್ನು ನರ್ಸ್ ಒಂದು ಸಲ ತೋರಿಸಿಕೊಟ್ಟಳು. ನೂರರಲ್ಲಿ ಮೂವತ್ತು ಜನರಿಗೆ ಗರ್ಭ ನಿಲ್ಲುತ್ತದಂತೆ. ಉಳಿದ ಎಪ್ಪತ್ತು ಹೆಂಗಸರು ಏನು ಮಾರಿ ಬಂದಿರುತ್ತಾರೋ.

ಸಂಜೆ. ಸಿರಿಂಜ್ ಹಿಡಿದ ದಾಗ್ನೆ ಅದನ್ನು ಮತ್ತೆ ತಟ್ಟೆಯಲ್ಲಿಟ್ಟ. ದಿನವಿಡೀ ಬೆಂಕಿಕಿಡಿಯ ನಡುವೆ ಬೆಸುಗೆ ಹಾಕುವವನು. "ನನ್ನಿಂದಾಗಲ್ಲ ಸೊಸ್ನಾ." ನಾನೇ ತೆಗೆದುಕೊಂಡೆ. ಹೊಟ್ಟೆಯ ಚರ್ಮ ಚಿವುಟಿ ಹಿಡಿದೆ. ಸೂಜಿ ಹತ್ತಿರ ಹೋಗುತ್ತದೆ, ನಿಲ್ಲುತ್ತದೆ.

"ಕೊಡು ಇಲ್ಲಿ" ಎಂದರು ಅತ್ತೆ.

"ಅತ್ತೆ, ಇದು ನಿಲ್ದೇ ಹೋದ್ರೆ? ನಿಮ್ಮ ಹಣವೂ ಹೋಯ್ತು, ಹೆಸರೂ—"

"ಬಾಯ್ಮುಚ್ಚಿ ಉಸಿರು ಬಿಡು."

ಅರವತ್ತು ವರ್ಷ ನೂಲು ತೆಗೆದ ಬೆರಳು. ಚುಚ್ಚಿದ್ದೇ ತಿಳಿಯಲಿಲ್ಲ. ಹತ್ತಿ ಒತ್ತಿ ಹಿಡಿದು, ಮುಖವನ್ನು ನನ್ನ ಮುಖದ ಹತ್ತಿರ ತಂದು ಕೇಳಿದರು, "ಏನಾದ್ರೂ ಅನ್ಸುತ್ತಾ?"

ಇಷ್ಟು ಬೇಗ ಏನೂ ಆಗುವುದಿಲ್ಲ, ಇದು ಬರೀ ಔಷಧಿ, ಇನ್ನೂ ಹತ್ತು ದಿನ ಹೀಗೇ ಚುಚ್ಚಬೇಕು — ಎಲ್ಲ ವಿವರಿಸಬಹುದಿತ್ತು. ಅವರ ಕೈ ಇನ್ನೂ ನನ್ನ ಹೊಟ್ಟೆಯ ಮೇಲಿತ್ತು. ಅನ್ನಿಸುತ್ತೆ ಎಂದೆ. ಸುಳ್ಳೇನೂ ಅಲ್ಲ, ನಿಜಕ್ಕೂ ಏನೋ ಬೆಚ್ಚಗೆ ಅನ್ನಿಸುತ್ತಿತ್ತು: ಅವರ ಅಂಗೈ.