ಶಾಲು ಬಂತು, ಎಲೆಯ ವರದಿ ಬರಲಿಲ್ಲ

ಗಿಡಮೂಲಿಕೆ ಸಂಶೋಧನಾ ಕೇಂದ್ರದ ಮಾನ್ಯ ನಿರ್ದೇಶಕರೇ,

ನನ್ನ ಅತ್ತೆ ಕೆಂಚವ್ವ ನಿಮ್ಮನ್ನು ಕೇಳಿದ್ದು ಒಂದೇ ಮಾತು: ಕಾಮಾಲೆಗೆ ನಮ್ಮ ಮನೆಯಲ್ಲಿ ಕೊಡುವ ಎಲೆಯಲ್ಲಿ ಗುಣವಿದೆಯೋ ಇಲ್ಲವೋ? ನೀವು ಕೊಟ್ಟದ್ದು ಶಾಲು. ಮರುವರ್ಷ ಮತ್ತೆ ಕೇಳಿದರು. ಇನ್ನೊಂದು ಶಾಲು, ಜೊತೆಗೆ ಹಣ್ಣಿನ ಬುಟ್ಟಿ. ಇನ್ನು ಕೇಳಿದರೆ ತಲೆಗೆ ಪೇಟ ಸುತ್ತುತ್ತೀರೆಂದು ಹೆದರಿ ಸುಮ್ಮನಾಗಿದ್ದಾರೆ. ಆದ್ದರಿಂದ ಸೊಸೆ ನಾನು ಬರೆಯುತ್ತಿದ್ದೇನೆ.

ಚಿಂಚಲಿಯ ಹತ್ತಿರ ನಮ್ಮದು ಕುರಿ ಸಾಕುವ ಮನೆ. ಈ ಔಷಧ ನಮ್ಮಲ್ಲಿ ಅತ್ತೆಯಿಂದ ಸೊಸೆಗೆ ಬರುತ್ತದೆ. ಬಾಗಿಲಿಗೆ ಬಂದವರಿಗೆ ಇಲ್ಲ ಎನ್ನಬಾರದು, ಅರೆಯುವ ಮೊದಲು ಎಲೆಯನ್ನು ಹೊರಗಿನವರಿಗೆ ತೋರಿಸಬಾರದು. ತೋರಿಸಿದರೆ ಗುಣ ಹೋಗುತ್ತದಂತೆ. ಅದೆಲ್ಲ ಮೂಢನಂಬಿಕೆ, ತೋರಿಸಿದರೆ ಪರೀಕ್ಷಿಸಿ ತಿಳಿಸುತ್ತೇವೆ ಎಂದು ನಿಮ್ಮವರು ಮಾತು ಕೊಟ್ಟರು. ಅತ್ತೆ ದಿನವೆಲ್ಲ ಯೋಚಿಸಿ, ತಮ್ಮ ಅತ್ತೆಗೆ ಕೊಟ್ಟ ಮಾತು ಮುರಿದು ತೋರಿಸಿದರು. ಬೇರುಸಹಿತ ಚೀಲ ತುಂಬಿಕೊಂಡು ಹೋದಿರಿ. ಮನೆಯ ಸೊಸೆ ನಾನು ಇನ್ನೂ ಕಾಣದ ಎಲೆಯನ್ನು ನಿಮ್ಮ ಜೀಪಿನ ಚಾಲಕ ಕಂಡಿದ್ದಾನೆ.

ಚಿಕ್ಕೋಡಿಯ ಸನ್ಮಾನದ ಸಭೆಯಲ್ಲಿ ನೀವು ಚೀನಾದ ತುಜಿಯಾ ಜನರ ಬಗ್ಗೆ ಸೊಗಸಾಗಿ ಮಾತಾಡಿದಿರಿ. ಅವರ ಬೆಟ್ಟದ ಗಿಡಮೂಲಿಕೆಗಳನ್ನು ವಿಜ್ಞಾನಿಗಳು ಹೇಗೆ ಒರೆಗೆ ಹಚ್ಚುತ್ತಿದ್ದಾರೆಂದು ಪರದೆಯ ಮೇಲೆ ಚಿತ್ರ ಸಮೇತ ತೋರಿಸಿದಿರಿ. ಅತ್ತೆ ಕಣ್ಣು ಮಿಟುಕಿಸದೆ ಕೇಳಿದರು. ಬಸ್ಸಿನಲ್ಲಿ ಬರುವಾಗ ನನ್ನತ್ತ ತಿರುಗಿದರು.

"ಅವರ ಎಲಿ ಸುದ್ದಿ ಎಲ್ಲಾ ಹೇಳಿದ್ರು. ನಮ್ಮ ಎಲಿ ಸುದ್ದಿ ಯಾಕ ಹೇಳಲಿಲ್ಲ ಯವ್ವಾ?"

ನಾನೂ ನಿಮ್ಮನ್ನು ಅದನ್ನೇ ಕೇಳುತ್ತೇನೆ. ಚೀನಾದವರೆಗೆ ಹೋಗುವ ದೃಷ್ಟಿಗೆ ಚಿಂಚಲಿ ಕಾಣುವುದಿಲ್ಲವೆ? ಅವರದು ವಿಜ್ಞಾನ, ನಮ್ಮದು ಬರೀ ಸಂಸ್ಕೃತಿಯೆ?

ನಿಮ್ಮ ಶಾಲಿನ ಚಿತ್ರ ಪತ್ರಿಕೆಯಲ್ಲಿ ಬಂದ ಮೇಲೆ ಅಥಣಿ, ಕಾಗವಾಡದಿಂದಲೂ ಜನ ಬರತೊಡಗಿದರು. ಮೊದಲು ಬಂದವರು ದವಾಖಾನೆಗೂ ಹೋಗುತ್ತಿದ್ದರು. ಈಗ ಸರಕಾರವೇ ಒಪ್ಪಿದ ಮೇಲೆ ದವಾಖಾನೆ ಯಾಕೆ ಎನ್ನುತ್ತಾರೆ. ಏಕಸಂಬಿಯ ಭೀಮಸಿ ಹಾಗೆಂದೇ ಎಲೆಯ ರಸ ಕುಡಿದು ಮನೆಯಲ್ಲಿ ಕುಳಿತ. ಕಣ್ಣಿನ ಹಳದಿ ಇಳಿಯಲಿಲ್ಲ. ಎಚ್ಚರ ತಪ್ಪಿದ ಮೇಲೆ ದವಾಖಾನೆಗೆ ಒಯ್ದರು. ಉಳಿದುಕೊಂಡ, ಅವನ ಹೆಂಡತಿಯ ಪುಣ್ಯ.

ಅಂದಿನಿಂದ ಅತ್ತೆಗೆ ಊಟ ಸೇರುತ್ತಿಲ್ಲ. "ನಾ ತೋರ್ಸಿದ್ದಕ್ಕ ಗುಣ ಹೋತೋ, ಮದಲಿಂದನೂ ಇರಲಿಲ್ಲೋ" ಎಂದು ನನ್ನ ಮುಖ ನೋಡುತ್ತಾರೆ. ಮಾನ್ಯರೇ, ಮೂಢನಂಬಿಕೆ ಬಿಡಿಸಲು ಬಂದ ನೀವು ಅದನ್ನು ಗಟ್ಟಿಮಾಡಿ ಹೋಗಿದ್ದೀರಿ. ನನಗೆ ಸಿಟ್ಟು ತಡೆಯಲಾಗುತ್ತಿಲ್ಲ. ಬಾಗಿಲಲ್ಲಿ ನಿಂತು, ದವಾಖಾನೆಗೆ ಹೋಗಿ ಎಂದು ನಾನು ಹೇಳಿದರೆ, ಜನ ಪತ್ರಿಕೆಯ ತುಂಡು ತೋರಿಸಿ ನನ್ನನ್ನೇ ಬೈಯುತ್ತಾರೆ.

ಬರುವ ದಸರೆಗೆ ಅತ್ತೆ ಎಲೆಯನ್ನು ನನಗೆ ಒಪ್ಪಿಸಬೇಕು. ವರದಿ ಬರುವವರೆಗೆ ಕೈ ಚಾಚುವುದಿಲ್ಲ ಎಂದಿದ್ದೇನೆ. ಗುಣವಿದ್ದರೆ ಇದೆ ಎನ್ನಿ, ಎಷ್ಟು ಕೊಡಬೇಕು, ಯಾರಿಗೆ ಕೊಡಬಾರದು ಹೇಳಿ. ಇಲ್ಲದಿದ್ದರೆ ಇಲ್ಲ ಎನ್ನಿ. ಚೀಲವನ್ನು ಬಿಚ್ಚಿಯೇ ಇಲ್ಲವಾದರೆ ಅದನ್ನಾದರೂ ಬರೆದು ತಿಳಿಸಿ. ನೀವು ಇಲ್ಲ ಎಂದರೆ ಅತ್ತೆ ಅತ್ತಾರು. ಆದರೆ ಬಾಗಿಲಿಗೆ ಬಂದವರಿಗೆ ಇಲ್ಲ ಎನ್ನಲು ಅವರಿಗೂ ಬಾಯಿ ಬಂದೀತು.

ಶಾಲುಗಳನ್ನು ಒಗೆದು ಮಡಿಸಿ ಇಟ್ಟಿದ್ದೇವೆ. ವರದಿ ತಂದವರು ಒಯ್ಯಬಹುದು.

ಇಂತಿ,
ಎಲೆಯನ್ನು ನಿಮ್ಮ ನಂತರ ನೋಡಬೇಕಾದ ಸೊಸೆ,
ರೂಪಾಲಿ
ರಾಯಬಾಗ ತಾಲೂಕು