ಒಪ್ಪಿಗೆ ಕೇಳಿದ ಜೂಬಾ

ನ್ಯೂಪೋರ್ಟ್, ಜುಲೈ ೧೭೭೬

ಪ್ರೀತಿಯ ಅಕ್ಕ,

ಈ ಊರಿನಲ್ಲಿ ಈಗ ಮೀನಿಗಿಂತ ಹಕ್ಕುಗಳೇ ಅಗ್ಗ. ನಾನು ಬಟ್ಟೆ ಹೊಲಿಯುವ ಮನೆಯ ಯಜಮಾನ ವಿಲ್ಮಟ್ ಸಾಹೇಬರು ತತ್ವಶಾಸ್ತ್ರ ಓದಿ ಓದಿ, ಕಾಫಿ ಆರುವುದರೊಳಗೆ ಇಂಗ್ಲೆಂಡಿನ ರಾಜನನ್ನು ಗದ್ದುಗೆಯಿಂದ ಇಳಿಸಿಬಿಡುತ್ತಾರೆ. ಭಾನುವಾರ ಊಟಕ್ಕೆ ಬಂದ ನೆಂಟರೆದುರು, "ಹುಟ್ಟಿದೋರೆಲ್ಲ ಸ್ವತಂತ್ರರು! ನಮ್ಮ ಒಪ್ಪಿಗೆ ಇಲ್ದೆ ನಮ್ಮನ್ನ ಆಳೋಕೆ ಅವನ್ಯಾರು?" ಎಂದು ಮೇಜು ಗುದ್ದಿದರು. ಎಲ್ಲರೂ ಚಪ್ಪಾಳೆ ತಟ್ಟಿದರು.

ಏಡಿ ಸಾರು ಬಡಿಸುತ್ತಿದ್ದವಳು ಜೂಬಾ, ಸಾಹೇಬರು ಹಡಗುಕಟ್ಟೆಯ ಹರಾಜಿನಲ್ಲಿ ಕೊಂಡು ತಂದ ಗುಲಾಮಳು. ಅವಳು ಸೌಟು ಕೆಳಗಿಟ್ಟು, "ಯಜಮಾನ್ರೇ, ನನ್ ಒಪ್ಪಿಗೆ ಯಾವಾಗ ಕೇಳಿದ್ರಿ?" ಅಂದಳು.

ಸಾಹೇಬರಿಗೆ ಏಡಿ ಗಂಟಲಲ್ಲಿ ಸಿಕ್ಕಿಕೊಂಡಿತು. "ಅದು ತತ್ವ ಕಣೇ, ಇದು ಅಡುಗೆಮನೆ. ಸುಮ್ನೆ ಬಡಿಸು!"

ಬಡಿಸಿದಳು. ಬೆಳಗಾಗುವಷ್ಟರಲ್ಲಿ ಮಾಯವಾಗಿದ್ದಳು.

ಈ ವಾರದ ಪತ್ರಿಕೆಯಲ್ಲಿ ಸ್ವಾತಂತ್ರ್ಯದ ಮೇಲೆ ಸಾಹೇಬರ ಲೇಖನ ಬಂದಿದೆ. ಅದರ ಕೆಳಗೇ, ಓಡಿಹೋದ ಗುಲಾಮಳನ್ನು ಹಿಡಿದುಕೊಟ್ಟವರಿಗೆ ಬಹುಮಾನ ಎಂಬ ಅವರದೇ ಜಾಹೀರಾತು. ಎರಡೂ ಬಹಳ ಚೆನ್ನಾಗಿವೆ ಎಂದು ಪಾದ್ರಿಗಳು ಹೊಗಳಿದರು.

ನನ್ನ ಕೆಮ್ಮು ವಾಸಿಯಾಗಿದೆ. ಆದರೆ ಅಡುಗೆ ನನ್ನ ತಲೆಗೇ ಬಿದ್ದು, ಹೊಗೆಗೆ ಕಣ್ಣು ಕೆಂಪಾಗಿದೆ.

"ಅವಳು ಯಾವ ಕಡೆ ಹೋದ್ಲೇ?" ಎಂದು ಸಾಹೇಬರು ಇವತ್ತು ಗದರಿದರು. ದಕ್ಷಿಣಕ್ಕೆ ಕೈ ತೋರಿಸಿದೆ. ಕುದುರೆ ಹತ್ತಿ ಹೋಗಿದ್ದಾರೆ. ಇಷ್ಟು ದಿನ ಅವಳು ಇದ್ದದ್ದು ನನ್ನ ಹೊಲಿಗೆ ಕೋಣೆಯಲ್ಲೇ. ಅವರು ಹಿಂತಿರುಗುವುದರೊಳಗೆ ಅವಳನ್ನು ದೋಣಿ ಹತ್ತಿಸಬೇಕು.

ಈ ಕಾಗದ ನಿನ್ನ ಕೈಗೆ ಕೊಟ್ಟವಳೇ ಜೂಬಾ. ಒಳಗೆ ಕರೆದು ಬಾಗಿಲು ಹಾಕಿಕೊ.

ನಿನ್ನ ತಂಗಿ,
ಮೆಹಿಟಬಲ್