ಗಾಜಿನ ಮೇಲೆ ಆಶೀರ್ವಾದ

ಜೂನ್ 3, ಬೆಳಿಗ್ಗೆ 6.10
ತಿಂಡಿ ಆಯಿತು. ಡಬ್ಬಿ ಕಟ್ಟಿದೆ. ಅಭಿನವ ಇನ್ನೂ ಎದ್ದಿಲ್ಲ. ನಿನ್ನೆಯೂ ಅದೇ ರಾಮಾಯಣ — ಹದಿನೆಂಟು ತುಂಬಿತು, ಲೈಸೆನ್ಸ್ ಬಂತು, ಕಾರು ಬೇಕು. "ಕೀರ್ತಿಗೆ ಅವರಪ್ಪ ಕೊಡ್ಸಿದಾರೆ ಕಣಮ್ಮ." ಇವನ ಕಾಲೇಜು ನಡೆದರೆ ಹತ್ತು ನಿಮಿಷ! ಹೂಟಗಳ್ಳಿಯಿಂದ ಕಡಕೊಳದ ಫ್ಯಾಕ್ಟರಿಗೆ ಎರಡು ಬಸ್ಸು ಹತ್ತಿ ಇಳಿಯುವವಳು ನಾನು. ಅದು ಯಾರ ತಲೆಗೂ ಹೋಗುವುದಿಲ್ಲ.
"ದುಡಿದು ತಗೊ" ಎಂದೆ. ಇವರಿಗೆ ಸಿಟ್ಟು. "ಓದೋ ಹುಡ್ಗ ದುಡೀಬೇಕೇನೇ? ಕೊಡ್ಸೋದು ನಮ್ ಕೆಲ್ಸ."
ನಮ್ಮ ಎಂದರೆ ಯಾರು?

ಜೂನ್ 9
ನಮ್ಮ ಎಂದರೆ ನಾನು. ಇವರ ಅಂಗಡಿಯಲ್ಲಿ ವ್ಯಾಪಾರ ಡಲ್ ಅಂತೆ. ನನ್ನ ಚೀಟಿ ಎತ್ತಬೇಕಂತೆ. ಅದು ಸ್ಕೂಟಿ ಕೊಳ್ಳಲು ಕಟ್ಟುತ್ತಿದ್ದ ಚೀಟಿ... ಆ ಆಸೆ ಯಾರಿಗೂ ಹೇಳಿರಲಿಲ್ಲ. ಆಗಲ್ಲ ಅನ್ನಬೇಕಿತ್ತು. ಮಗನ ಮುಖ ನೋಡಿ ತಲೆ ಆಡಿಸಿಬಿಟ್ಟೆ. ನನ್ನಂಥ ಪೆದ್ದಿ ಇನ್ನೊಬ್ಬಳಿಲ್ಲ.

ಜೂನ್ 22
ಕಾರು ಬಂತು. ಸೆಕೆಂಡ್ ಹ್ಯಾಂಡ್, ಬಿಳಿ. ಪಂಚಾಂಗ ನೋಡಿದ ಚನ್ನಬಸವಯ್ಯನವರು, ಈ ವರ್ಷ ವಾಹನಕ್ಕೆ ಅಪ್ಪ ಮಗ ಇಬ್ಬರಿಗೂ ಬಲವಿಲ್ಲ, ಶಾಂತಾದೇವಿ ಹೆಸರಿಗೆ ಬಲ ಇದೆ ಅಂದರಂತೆ. ಹಾಗಾಗಿ ಆರ್‌ಸಿ ನನ್ನ ಹೆಸರಲ್ಲಿ! "ಸುಮ್ನೆ ಹೆಸ್ರಿಗೆ ಕಣೇ" ಎಂದರು ಇವರು. ನಿಂಬೆಹಣ್ಣಿನ ಮೇಲೆ ಗಾಡಿ ಹತ್ತಿಸಿದ್ದು ಅಭಿ. ಪಕ್ಕದಲ್ಲಿ ಇವರು. ನಾನು ಹಿಂದೆ, ಒಡೆದ ತೆಂಗಿನಕಾಯಿ ಹಿಡಿದುಕೊಂಡು.

ಜುಲೈ 18
ಬಸ್‌ಸ್ಟಾಪಿನಲ್ಲಿ ನಿಂತಿದ್ದೆ. ಜಿಟಿಜಿಟಿ ಮಳೆ. ನಮ್ಮ ಕಾರು ಹೋಯಿತು. ಒಳಗೆ ನಾಲ್ಕು ಹುಡುಗರು, ಜೋರು ಹಾಡು. ಅಭಿ ನನ್ನನ್ನು ನೋಡಲೇ ಇಲ್ಲ. ಹಿಂದಿನ ಗಾಜಿನ ಮೇಲೆ ಹೊಸ ಸ್ಟಿಕ್ಕರ್, ಇಷ್ಟಿಷ್ಟು ದಪ್ಪ ಕೆಂಪು ಅಕ್ಷರ — ಅಮ್ಮನ ಆಶೀರ್ವಾದ. ಸೀರೆ ತುಂಬ ಕೆಸರು ಹಾರಿತು. ಜೊತೆಗಿದ್ದ ನಮ್ಮ ಪ್ಯಾಕಿಂಗ್‌ನ ಪುಟ್ಟಲಿಂಗಮ್ಮ, ಯಾರ ಕಾರೆಂದು ತಿಳಿಯದೆ, "ಯಾವ್ ಪುಣ್ಯಾತ್‌ಗಿತ್ತಿ ಮಗನೋ ಕಣಕ್ಕ!" ಎಂದಳು. ನಗು ಬಂತು. ಬಸ್ಸು ಹತ್ತಿದ ಮೇಲೆ ಅಳು. ಆಶೀರ್ವಾದವಂತೆ! ಚೀಟಿ ದುಡ್ಡಷ್ಟೂ ಸುರಿದವಳು ನಾನು.

ಜುಲೈ 19
ಕೇಳಿದೆ. "ನಿನ್ ಮೇಲಿನ್ ಪ್ರೀತಿಗೆ ಹಾಕ್ಸಿದ್ದು ಕಣಮ್ಮ." ನಿಜವಾಗಿಯೇ ಅಂದ, ಕಪಟವಿಲ್ಲ. ಅದಕ್ಕೇ ಇನ್ನೂ ಹೊಟ್ಟೆ ಉರಿಯಿತು.
"ಬೆಳಿಗ್ಗೆ ಫ್ಯಾಕ್ಟ್ರಿಗೆ ಬುಡ್ತೀಯಾ?"
"ಅಷ್ಟ್ ದೂರಾನಾ? ಪೆಟ್ರೋಲ್ ಯಾರ್ ಹಾಕ್ಸ್ತಾರೆ?"
ಇವರು ಪೇಪರಿನ ಪುಟ ತಿರುಗಿಸಿದರು.

ಜುಲೈ 23
ಡ್ರೈವಿಂಗ್ ಸ್ಕೂಲ್ ಸೇರಿದೆ. ಮನೆಯಲ್ಲಿ ಓವರ್‌ಟೈಮ್ ಎಂದಿದ್ದೇನೆ. ಕ್ಲಚ್ ಬಿಟ್ಟರೆ ಗಾಡಿ ಕುಪ್ಪಳಿಸುತ್ತದೆ. ಹೇಳಿಕೊಡುವ ಲಕ್ಷ್ಮೀನರಸಿಂಹ ಮೇಷ್ಟ್ರು, "ಹೆದ್ರಬ್ಯಾಡಿ ಮೇಡಂ, ಅದೂ ನಿಮ್ಗೆ ಹೆದರ್ಕೊಂಡಿದೆ" ಎಂದರು. ರಾತ್ರಿ ನಿದ್ದೆಯಲ್ಲೂ ಕಾಲು ಬ್ರೇಕ್ ಹುಡುಕುತ್ತದೆ.

ಸೆಪ್ಟೆಂಬರ್ 29
ಪಾಸ್!! ಯಾರಿಗೂ ಹೇಳಲಿಲ್ಲ. ಒಬ್ಬಳೇ ಹೋಟೆಲಿನಲ್ಲಿ ಮಸಾಲೆ ದೋಸೆ ತಿಂದೆ.

ಅಕ್ಟೋಬರ್ 6, ಬೆಳಿಗ್ಗೆ 6.25
ಕಾರಿನೊಳಗೆ ಕೂತಿದ್ದೇನೆ. ಸೀಟು ಮುಂದಕ್ಕೆ ಎಳೆದುಕೊಂಡೆ, ಅಭಿಯ ಕಾಲು ಉದ್ದ. ಡೈರಿ ತೊಡೆಯ ಮೇಲಿದೆ. ಬರೆದರೆ ಧೈರ್ಯ ಬರಬಹುದು.
ಸ್ಟಾರ್ಟ್ ಮಾಡಿದ ಸದ್ದಿಗೆ ಇವರು ಓಡಿ ಬಂದರು. "ಏಯ್, ಅವನ್ ಕಾರಲ್ಲಿ ಏನೇ ಮಾಡ್ತಿದ್ದೀಯ?" ಹಿಂದೆಯೇ ಅಭಿ, ಬರಿಗಾಲಲ್ಲಿ. "ಅಮ್ಮ, ತಮಾಷೆ ಮಾಡ್ಬೇಡ! ಕೀ ಕೊಡು!" ಇಬ್ಬರೂ ಗಾಜು ಬಡಿಯುತ್ತಿದ್ದಾರೆ. ಬಡಿಯಲಿ.
ಅವನ ಕಾರಂತೆ.
ಪಕ್ಕದ ಸೀಟು ಖಾಲಿ ಇದೆ. ಬೇಕಾದವರು ಬಾಯಿ ಮುಚ್ಚಿಕೊಂಡು ಹತ್ತಲಿ, ದಾರಿಯಲ್ಲಿ ಇಳಿಸುತ್ತೇನೆ. ಸ್ಟಿಯರಿಂಗ್ ಮಾತ್ರ ಇನ್ನು ಮೇಲೆ—